ತವುಡಿಗೆ ಕೊಟ್ಟ ಕೂಸು

ಮೊಂಬಾಸಾ,
೧೪ ನವೆಂಬರ್ ೧೯೨೬

ವೈನಿಯವರಿಗೆ, ಸಮುದ್ರದ ಈಚೆ ದಂಡೆಯಿಂದ ನಿಮ್ಮ ನರ್ಮದೆಯ ನಮಸ್ಕಾರ.

ಕೊನೆಗೂ ಸೇಟರ ಬಾಯಿಂದ ರಜೆ ಎಂಬ ಶಬ್ದ ಉದುರಿತು. ಜನವರಿಯಲ್ಲಿ ಇವರನ್ನು ಅರಳೆಯ ಕೆಲಸಕ್ಕೆಂದು ಮುಂಬಯಿಗೆ ಕಳಿಸುತ್ತಾರಂತೆ. ಕೆಲಸ ಮುಗಿಸಿ ಕೆಲವು ವಾರ ಪುಣೆಯಲ್ಲಿ ನಿಮ್ಮೊಂದಿಗೆ ಇದ್ದು ಬರಬಹುದಂತೆ. ನಿಮ್ಮ ಮೈದುನರು ಇದನ್ನು ಊಟಕ್ಕೆ ಕೂತಾಗ, ಇನ್ನಷ್ಟು ಸಾರು ಹಾಕು ಅನ್ನುವ ದನಿಯಲ್ಲಿ ಹೇಳಿದರು. ನಾನು ಬಡಿಸುವುದನ್ನು ಬಿಟ್ಟು ಅಳುತ್ತ ಕೂತೆ. ಅಂಬಾ ಗಾಬರಿಯಾಗಿ, "ಅವ್ವಾ, ಯಾರ್ ಸತ್ರು?" ಅಂದಳು. ಅವಳ ಬಾಯಿಂದ ಬಿಡ್ತು ಅನ್ನಿಸಿದೆ.

ವೈನಿ, ನನ್ನ ಅವಧೂತ ಈಗ ಹೇಗಿದ್ದಾನೆ? ನೀವು ಪ್ರತಿ ಪತ್ರದಲ್ಲಿಯೂ "ಕೂಸು ಸುಖವಾಗಿದೆ" ಎಂದು ಒಂದೇ ಸಾಲು ಬರೆದು ಮುಗಿಸುತ್ತೀರಿ. ಉಪ್ಪಿನಕಾಯಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುತ್ತೀರಿ. ಅವನು ಏನೇನು ಮಾತಾಡುತ್ತಾನೆ? ಅನ್ನ ತಾನೇ ಉಣ್ಣುತ್ತಾನೆಯೇ? ಅವ್ವ ಎಲ್ಲಿ ಎಂದು ಕೇಳುತ್ತಾನೆಯೇ? ಕೇಳದಿದ್ದರೂ ಕೇಳುತ್ತಾನೆ ಎಂದೇ ಬರೆಯಿರಿ.

ಹೋದ ವರ್ಷ ಪುಣೆಯಿಂದ ಹೊರಡುವ ಮುಂಚಿನ ದಿನ ನೆನಪಾಗುತ್ತದೆ. ನಾಯಿಕೆಮ್ಮು ಹತ್ತಿದ ಕೂಸನ್ನು ಹಡಗಿಗೆ ಹತ್ತಿಸಬೇಡಿರಿ ಎಂದು ಡಾಕ್ಟರು ಕಟ್ಟಾಜ್ಞೆ ಮಾಡಿದ್ದರು. ಮೊದಲೇ ಎರಡು ಗಂಡುಕೂಸುಗಳನ್ನು ಕಳೆದುಕೊಂಡವಳು ನಾನು. ಮೂರನೆಯದೂ ಕೈ ಬಿಟ್ಟೀತೆಂದು ಹೆದರಿ, ಹಳೆಯ ಹೆಂಗಸರು ಮಾಡುವ ಹಾಗೆ ಅವನನ್ನು ಮೊರದಲ್ಲಿ ಮಲಗಿಸಿ ನಿಮಗೆ ಮಾರಿದೆ. ನೀವು ದೇವರ ಮುಂದೆ ಕೂತು, ನನ್ನ ಕೈಗೆ ಒಂದು ಹಿಡಿ ತವುಡು ಹಾಕಿ ಕೊಂಡಿರಿ. ತವುಡಿಗೆ ಬಿಕರಿಯಾದ ಕೂಸನ್ನು ಜವರಾಯನೂ ತಿರುಗಿ ನೋಡುವುದಿಲ್ಲ ಅನ್ನುತ್ತಾರಲ್ಲ, ಹಾಗೆಯೇ ಆಯಿತು. ಕೂಸು ಉಳಿಯಿತು. ಇನ್ನು ವ್ಯಾಪಾರ ತಿರುಗಿಸುವ ಕಾಲ ಬಂತು. ಇಲ್ಲಿಂದಲೇ ಒಂದು ಹಿಡಿ ತವುಡು ಕಟ್ಟಿಕೊಂಡು ಬರುತ್ತೇನೆ. ಮೊಂಬಾಸಾದ ಮಾಲು ವೈನಿ, ಚೌಕಾಶಿ ಮಾಡಬೇಡಿರಿ!

ಮೂವರು ಬರುತ್ತೇವೆ, ನಾಲ್ವರಾಗಿ ಹೋಗುತ್ತೇವೆ. ಅವನಿಗಾಗಿ ಒಂದು ಕೆಂಪು ಅಂಗಿ ಹೊಲಿದಿದ್ದೇನೆ. ಅಳತೆ ಗೊತ್ತಿಲ್ಲ, ಅಂದಾಜಿನ ಮೇಲೆ ಹೊಲಿದೆ. ಭಾವನವರಿಗೆ ನಮಸ್ಕಾರ ತಿಳಿಸಿರಿ.

ನಿಮ್ಮ
ನರ್ಮದಾ


ಶನಿವಾರ ಪೇಠೆ, ಪುಣೆ,
೧೧ ಡಿಸೆಂಬರ್ ೧೯೨೬

ಚಿ. ಸೌ. ನರ್ಮದೆಗೆ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಮನೆಗೆ ಸುಣ್ಣ ಬಳಿಸುವ ಗದ್ದಲದಲ್ಲಿ ಕೂಡಲೇ ಉತ್ತರ ಬರೆಯಲಾಗಲಿಲ್ಲ.

ಈ ವರ್ಷ ಪುಣೆಯಲ್ಲಿ ಚಳಿ ಹೆಚ್ಚು. ಬಿಸಿಲು ದೇಶದಿಂದ ಬರುವ ನಿಮಗೆ ಒಗ್ಗುವುದಿಲ್ಲ. ಅಂಬಾ ಮೊದಲೇ ಸೂಕ್ಷ್ಮ. ಚೈತ್ರಕ್ಕೆ ಬಂದರೆ ಆಗುವುದಿಲ್ಲವೇ? ನಿನ್ನ ಗಂಡ ಬಾಳು ಸೇಟರಿಗೆ ಹೇಳಿ ನೋಡಲಿ.

ಕೂಸು ಸುಖವಾಗಿದೆ. ನೀನು ಬೈದಿದ್ದೀ ಎಂದು ಇನ್ನಷ್ಟು ಬರೆಯುತ್ತೇನೆ. ಕಾರ್ತಿಕದಲ್ಲಿ ಅವನ ಜಾವಳ ಮುಗಿಸಿದೆವು. ನನ್ನ ತೊಡೆಯ ಮೇಲೆ ಕೂತು ಕೂದಲು ತೆಗೆಸಿಕೊಂಡ. ಕ್ಷೌರದವನು ಬೇಗ ಕೈ ಆಡಿಸಿದನಾದ್ದರಿಂದ ಹೆಚ್ಚು ಅಳಲಿಲ್ಲ. ನಿಮಗೆ ಮುಂಚಿತವಾಗಿ ಬರೆಯಬೇಕಾಗಿತ್ತು. ಒಳ್ಳೆಯ ದಿನ ಹತ್ತಿರದಲ್ಲಿಯೇ ಇತ್ತು, ಬರೆದು ಉತ್ತರ ಬರುವವರೆಗೆ ಕಾಯುವಂತಿರಲಿಲ್ಲ. ಮಾತು ಚೆನ್ನಾಗಿ ಆಡುತ್ತಾನೆ. ಆದರೆ ಹೊಸಬರನ್ನು ಕಂಡರೆ ನನ್ನ ಸೆರಗಿನೊಳಗೆ ಹೊಕ್ಕುಬಿಡುತ್ತಾನೆ. ನೀನು ಬಂದ ಕೂಡಲೇ ಎತ್ತಿಕೊಳ್ಳಲು ಹೋಗಬೇಡ, ಬೆದರುತ್ತಾನೆ.

ತವುಡಿನ ವಿಷಯವನ್ನು ನೀನು ಚೇಷ್ಟೆಗೆ ಬರೆದಿದ್ದೀ. ದೇವರ ಮುಂದೆ ಮಾಡಿದ್ದನ್ನು ಹಗುರಾಗಿ ಆಡಬಾರದು ನರ್ಮದಾ. ನಾಲ್ವರಾಗಿ ಹೋಗುತ್ತೇವೆ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ತಾಯಿಯ ಸಂಕಟ ಹಾಗೆ ಬರೆಸಿತು ಎಂದು ತಿಳಿದುಕೊಂಡೆ. ಬಾಳು ನಿನಗೆ ಎಲ್ಲವನ್ನೂ ಹೇಳಿಯೇ ಇರುತ್ತಾನೆ. ನಿಮ್ಮ ಭಾವನವರು ಮಾಘದಲ್ಲಿ ದಿನ ತೆಗೆಸಿದ್ದಾರೆ. ದತ್ತಕದ ಹೋಮಕ್ಕೆ ಭಟ್ಟರನ್ನು ಗೊತ್ತುಮಾಡಿ ಆಗಿದೆ. ಧಾರವಾಡದ ನಾಲ್ಕು ಮಂದಿ ಹಿರಿಯರಿಗೂ ಬರೆದಿದ್ದಾರೆ. ಶಾಸ್ತ್ರ ನಮ್ಮ ಮನೆಯಲ್ಲಿಯೇ ಆಗಲಿ. ನೀನು ಮನಸ್ಸು ಗಟ್ಟಿ ಮಾಡಿಕೊಂಡು ಬಾ.

ನೀನು ಕೊಟ್ಟದ್ದು ಸಣ್ಣದಲ್ಲ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ನಿನ್ನ
ಕೃಷ್ಣಾಬಾಯಿ


ಗಿರಗಾಂವ, ಮುಂಬಯಿ,
೧೯ ಜನವರಿ ೧೯೨೭

ವೈನಿ,

ನಿಮ್ಮ ಪತ್ರ ಹಡಗು ಹತ್ತುವ ಗಡಿಬಿಡಿಯಲ್ಲಿ ಕೈಗೆ ಬಂತು. ಹಡಗಿನ ಮೇಲೆ ಕೂತು ಓದಿದೆ. ಓದಿ, ಬೇರೆ ಯಾರಿಗೋ ಬರೆದ ಪತ್ರ ನನಗೆ ಬಂದಿದೆಯೋ ಏನೋ ಎಂದು ಮೇಲಿನ ಹೆಸರನ್ನು ತಿರುಗಿ ನೋಡಿದೆ.

ದತ್ತಕವೇ? ಯಾರ ದತ್ತಕ? ಯಾರು ಕೊಟ್ಟರು?

ಹಡಗಿನಲ್ಲಿ ಒಂದು ಅನುಕೂಲ, ಗಂಡನಿಗೆ ಎದ್ದು ಹೊರಗೆ ಹೋಗಲು ಜಾಗವಿರುವುದಿಲ್ಲ. ನಿಮ್ಮ ಮೈದುನರು ಮೊದಲು ತಲೆನೋವು ಅಂದರು. ಆಮೇಲೆ ಹೊಟ್ಟೆ ತೊಳಸುತ್ತದೆ ಅಂದರು. ನಾನು ಬಿಡಲಿಲ್ಲ. ಕೊನೆಗೆ ನೀರಿನ ಕಡೆ ಮುಖ ಮಾಡಿ ಹೇಳಿದರು: "ಅಣ್ಣ ನನಗ ತಂದಿ ಇದ್ದಾಂಗ. ನಾವು ಹೊರಡೂ ಮುಂದ ಸ್ಟೇಶನ್ನದಾಗ ಕೈ ಹಿಡಿದು ಕೂಸನ್ನ ಕೇಳಿದ. ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ."

"ನನ್ನ ಒಂದು ಮಾತು ಕೇಳಬಾರದಾಗಿತ್ತೇನ್ರಿ?" ಅಂದೆ.

"ನೀನ ಮೊರದಾಗ ಹಾಕಿ ವೈನೀಗೆ ಕೊಟ್ಟಿದ್ದಿ. ನಿನ್ನ ಮನಸಿನ್ಯಾಗೂ ಅದೇ ಅದ ಅಂತ ಅಣ್ಣ ತಿಳಕೊಂಡ. ನಾನೂ ಹಂಗಽ ತಿಳಕೊಂಡೆ."

ತಿಳಿದುಕೊಂಡವರು ಇಡೀ ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದರು ಎಂದು ಕೇಳಿದರೆ ಅಂಬಾಳಿಗೆ ಅಲೆ ತೋರಿಸಲು ತೊಡಗಿದರು. ಆಮೇಲೆ ಮುಂಬಯಿ ಬರುವವರೆಗೆ ನಾನು ಅವರೊಡನೆ ಮಾತಾಡಲಿಲ್ಲ. ಅಂಬಾಳೇ ನಮ್ಮಿಬ್ಬರ ನಡುವೆ ಟಪಾಲಿನವಳಾದಳು.

ವೈನಿ, ನೀವು ಹೆಂಗಸು. ಮೊರದಲ್ಲಿ ಕೂಸನ್ನು ಹಾಕಿ ಮಾರುವುದು ಏತಕ್ಕೆ ಎಂದು ಗಂಡಸರಿಗೆ ತಿಳಿಯದಿದ್ದರೆ ನಿಮಗೆ ತಿಳಿಯಬೇಡವೇ? ಸಾವಿನ ಕಣ್ಣಿಗೆ ಮಣ್ಣು ಎರಚಲು ಮಾಡಿದ್ದು ಅದು. ನಿಮಗೆ ಮಗನನ್ನು ಕೊಡಲು ಮಾಡಿದ್ದಲ್ಲ. ಜಾವಳಕ್ಕೆ ನನ್ನನ್ನು ಕೇಳಲಿಲ್ಲ, ಅದನ್ನು ನುಂಗಿಕೊಳ್ಳುತ್ತೇನೆ. ಇದನ್ನು ನುಂಗುವುದಿಲ್ಲ. ಮಾಘದ ದಿನವನ್ನು ರದ್ದುಮಾಡಲು ಭಾವನವರಿಗೆ ಹೇಳಿರಿ.

ನಾಡಿದ್ದು ಬರುತ್ತೇವೆ. ಬಂದ ಕೂಡಲೇ ಅವನನ್ನು ಎತ್ತಿಕೊಳ್ಳುತ್ತೇನೆ. ಬೆದರಿದರೆ ಬೆದರಲಿ.

ನರ್ಮದಾ


ಶನಿವಾರ ಪೇಠೆ, ಪುಣೆ,
೨೨ ಜನವರಿ ೧೯೨೭

ವೈನಿ,

ನಿಮ್ಮ ಮನೆಯಲ್ಲಿ, ನಿಮ್ಮ ಒಲೆಯ ಮುಂದೆ, ನಿಮ್ಮ ಮಣೆಯ ಮೇಲೆ ಕೂತು ನಿಮಗೆ ಬರೆಯುತ್ತಿದ್ದೇನೆ. ಇಂಥ ಪ್ರಸಂಗ ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಿನ್ನೆ ಟಾಂಗಾ ಇಳಿದರೆ ಬಾಗಿಲಿಗೆ ಬೀಗ. ಇವರು ಬೀಗವನ್ನು ಎರಡು ಸಲ ಜಗ್ಗಿ ನೋಡಿದರು, ಜಗ್ಗಿದರೆ ನೀವು ಒಳಗಿನಿಂದ ಬರುತ್ತೀರೋ ಎಂಬಂತೆ. ಪಕ್ಕದ ಮನೆಯ ಗೋದಾಬಾಯಿ ಮಾಳಿಗೆಯಿಂದ ಇಣುಕಿ, ಕೀಲಿಕೈಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು. ಕೆಳಗೆ ಬಂದರೆ ಸಮುದ್ರ ದಾಟಿದವರ ಮೈಲಿಗೆ ತಾಕೀತು ಎಂಬ ಭಯ ಅವಳಿಗೆ. "ರಾಯರಿಗೆ ಕಾಲವಿ ಕೆಲಸಕ್ಕ ಬಾರಾಮತಿಗೆ ಹಾಕ್ಯಾರ್ರಿ. ಕೃಷ್ಣಾಬಾಯಾರೂ ಮಗನ್ನ ಕರಕೊಂಡು ಹ್ವಾದ್ರು. ಮಗನ್ನ ಬಿಟ್ಟು ಒಂದ್ ಗಳಿಗಿ ಇರೂದಿಲ್ರೀ ಅವರು," ಅಂದಳು. ಮಗ! ನಾನು ಕೆಳಗೆ ನಿಂತು, ಯಾರ ಮಗ ಎಂದು ಕೇಳಲಿಲ್ಲ. ಅಂಬಾ ಕೇಳಿದಳು. ಗೋದಾಬಾಯಿ ನಕ್ಕು ಕಿಟಕಿ ಹಾಕಿಕೊಂಡಳು.

ಒಳಗೆ ಎಲ್ಲೆಲ್ಲಿಯೂ ಅವನೇ ಇದ್ದಾನೆ. ಗೋಡೆಗೆ ಹೊಸ ಸುಣ್ಣ, ಅದರ ಮೇಲೆ ಮೊಣಕಾಲೆತ್ತರಕ್ಕೆ ಇದ್ದಿಲಿನ ಗೀಟುಗಳು. ಬಚ್ಚಲಲ್ಲಿ ಪುಟ್ಟ ತಂಬಿಗೆ. ಹಗ್ಗದ ಮೇಲೆ ನೀವು ಮರೆತು ಹೋದ ಒಂದು ಚಡ್ಡಿ. ನಾನು ಹೊಲಿದು ತಂದ ಅಂಗಿಯನ್ನು ಅದರ ಪಕ್ಕ ಹಿಡಿದು ನೋಡಿದೆ. ನನ್ನದು ಬಹಳ ಸಣ್ಣದಾಗಿದೆ. ನನ್ನ ಕಣ್ಣಲ್ಲಿ ಅವನು ಬೆಳೆದೇ ಇರಲಿಲ್ಲ.

ನಾವು ಬರುತ್ತೇವೆ ಎಂದು ಗೊತ್ತಿದ್ದೂ ಹೋದಿರಿ. ನನ್ನ ಮುಖ ನೋಡಲು ನಿಮಗೆ ಹೆದರಿಕೆಯೇ? ಈ ಮನೆಗೆ ನಾನು ಸೊಸೆಯಾಗಿ ಬಂದಾಗ ತಲೆ ಬಾಚಿದವರು ನೀವು. ಎರಡು ಕೂಸುಗಳನ್ನು ಇವರು ಮಣ್ಣಿಗೆ ಎತ್ತಿಕೊಂಡು ಹೋದ ದಿನಗಳಲ್ಲಿ ನನ್ನನ್ನು ಅಪ್ಪಿ ಹಿಡಿದವರೂ ನೀವೇ. ಈಗ ಬಾಗಿಲಿಗೆ ಬೀಗ ಹಾಕಿದಿರಿ.

ಅವನನ್ನು ಕರೆದುಕೊಂಡು ಬನ್ನಿರಿ. ಇಲ್ಲವಾದರೆ ನಾನೇ ಬರುತ್ತೇನೆ.

ನರ್ಮದಾ


ಬಾರಾಮತಿ,
೨೫ ಜನವರಿ ೧೯೨೭

ನರ್ಮದಾ,

ಬೀಗ ಹಾಕಿದ್ದು ನಾನೇ. ನಿಮ್ಮ ಭಾವನವರಿಗೆ ಇಲ್ಲಿ ಕೆಲಸ ಬಿದ್ದದ್ದು ನಿಜ, ಆದರೆ ಅವರೊಬ್ಬರೇ ಬರಬಹುದಿತ್ತು. ನಿನ್ನ ಮುಂಬಯಿಯ ಪತ್ರ ಓದಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಹಿಂದೆ ಹೊರಟೆ. ಹೌದು, ಹೆದರಿ ಬಂದೆ.

ನಿನಗೆ ಗೊತ್ತಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಇದನ್ನು ನಂಬು. ಇಡೀ ವರ್ಷ ನಾನು ನಿನ್ನನ್ನು ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ ಇಟ್ಟು ನೆನೆಯುತ್ತಿದ್ದೆ. ಹೆತ್ತ ಮಗನನ್ನು ಬಂಜೆಯ ಉಡಿಗೆ ಹಾಕಿ ಹೋದಳು, ಒಂದು ಮಾತು ಕೊಂಕಿಲ್ಲ ಅಂದುಕೊಳ್ಳುತ್ತಿದ್ದೆ. ಅದೆಲ್ಲ ಸುಳ್ಳಾಯಿತು.

ಇನ್ನು ನಾನು ಬಚ್ಚಿಟ್ಟದ್ದನ್ನೂ ಕೇಳು. ನೀವು ಹೋದ ಮೇಲೆ ನಿನಗೆ "ಸ್ವಲ್ಪ ನೆಗಡಿ" ಎಂದು ಬರೆದಿದ್ದೆನಲ್ಲ, ಅದು ನೆಗಡಿಯಾಗಿರಲಿಲ್ಲ. ಕೆಮ್ಮಿ ಕೆಮ್ಮಿ ಕೂಸು ನೀಲಿಗಟ್ಟಿತು. ಉಸಿರು ನಿಂತಿತು. ನಿಮ್ಮ ಭಾವನವರು ಡಾಕ್ಟರನ್ನು ಕರೆಯಲು ಓಡಿದರು. ನಾನು ಅವನನ್ನು ತಲೆಕೆಳಗಾಗಿ ಹಿಡಿದು ಬೆನ್ನು ಬಡಿಯುತ್ತ ಕೂಗಿದೆ, "ಇದು ನರ್ಮದಾನ ಕೂಸಲ್ಲ, ನಂದು! ತವುಡು ಕೊಟ್ಟು ತಗೊಂಡೀನಿ, ನಂದು!" ಆಗ ಉಸಿರು ಬಂತು. ಗೋದಾಬಾಯಿ ಸಾಕ್ಷಿ ಇದ್ದಾಳೆ.

ನೀನು ಈಗ ತವುಡು ತಂದು ಇದು ನನ್ನದು ಅನ್ನುತ್ತೀ. ಅದನ್ನು ಯಾರು ಯಾರು ಕೇಳಿಸಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ನಿನ್ನ ಉಡಿಯಲ್ಲಿ ಎರಡು ನಿಲ್ಲಲಿಲ್ಲ ನರ್ಮದಾ. ಇದು ನಿಂತದ್ದು ನಿನ್ನದಲ್ಲವೆಂದು.

ಬರೆದ ಮೇಲೆ ಈ ಸಾಲನ್ನು ಹೊಡೆದು ಹಾಕಬೇಕೆನಿಸಿತು. ಹಾಕುವುದಿಲ್ಲ. ಮದುವೆಯಾದಂದಿನಿಂದ ಎಷ್ಟೋ ಅರಿಷಿಣ ಕುಂಕುಮಕ್ಕೆ ಹೋಗಿದ್ದೇನೆ. ಬಾಣಂತಿಗೆ ಆರತಿ ಎತ್ತುವ ಹೊತ್ತಿಗೆ ತಟ್ಟೆ ನನ್ನನ್ನು ದಾಟಿ ಮುಂದಿನವಳ ಕೈಗೆ ಹೋಗುತ್ತಿತ್ತು. ಈ ವರ್ಷ ಹೋಗಲಿಲ್ಲ. ನನ್ನನ್ನೇ ಕರೆದು ಕೈಗೆ ಕೊಟ್ಟರು. ಅದನ್ನು ಬಿಟ್ಟುಕೊಡು ಅನ್ನುತ್ತೀ. ನಾನು ಅಷ್ಟು ದೊಡ್ಡವಳಲ್ಲ.

ಕೃಷ್ಣಾಬಾಯಿ


ಪುಣೆ,
೨೯ ಜನವರಿ ೧೯೨೭

ವೈನಿ,

ನಿನ್ನೆ ಬಾರಾಮತಿಗೆ ಬಂದಿದ್ದೆ. ನಿಮಗೆ ಗೊತ್ತಾಗಲಿಲ್ಲ.

ಅಂಬಾಳನ್ನು ಇವರ ಹತ್ತಿರ ಬಿಟ್ಟು, ದೌಂಡಿನಲ್ಲಿ ಸಣ್ಣ ರೈಲು ಹಿಡಿದು ಒಬ್ಬಳೇ ಬಂದೆ. ಗಂಡನ ಮೇಲಿನ ಸಿಟ್ಟು ಹೆಂಗಸಿಗೆ ಎಷ್ಟು ಧೈರ್ಯ ಕೊಡುತ್ತದೆ ನೋಡಿರಿ! ಸೆರಗಿನ ತುದಿಯಲ್ಲಿ ತವುಡಿತ್ತು. ದಾರಿಯುದ್ದಕ್ಕೂ ನಿಮಗೆ ಏನು ಅನ್ನಬೇಕೆಂದು ಬಾಯಿಪಾಠ ಮಾಡಿದ್ದೆ. ನಿಮ್ಮ ಪತ್ರದ ಆ ಸಾಲಿಗೆ ಸರಿಯಾದ ಉತ್ತರ ಕೊಡಬೇಕೆಂದು ಕೆಟ್ಟ ಕೆಟ್ಟ ಮಾತುಗಳನ್ನು ಹುಡುಕಿ ಇಟ್ಟುಕೊಂಡಿದ್ದೆ.

ಕಾಲುವೆಯ ದಂಡೆಯ ಮನೆಗಳನ್ನು ಕೇಳಿಕೊಂಡು ಬಂದರೆ, ನೀವು ಅಂಗಳದಲ್ಲಿ ಬೆನ್ನು ತಿರುಗಿಸಿ ಸಂಡಿಗೆ ಹಾಕುತ್ತಿದ್ದಿರಿ. ಅವನು ಬೇಲಿಯ ಹತ್ತಿರ ಒಂದು ಕಬ್ಬಿನ ತುಂಡನ್ನು ಹಿಡಿದುಕೊಂಡು ಕೂತಿದ್ದ. ಕಿವಿ ಥೇಟು ನಮ್ಮ ಮಾವನವರವು. ನಾನು ಬೇಲಿಯ ಈಚೆ ಕುಕ್ಕರಗಾಲಲ್ಲಿ ಕೂತೆ. ಅವನು ಬೆದರಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದ, "ತುಮ್ಹೀ ಕೋಣ?"

ಮರಾಠಿಯಲ್ಲಿ ಕೇಳಿದ ವೈನಿ. ಮನೆಯವರೊಡನೆ ಕನ್ನಡ, ಹೊರಗಿನವರೊಡನೆ ಮರಾಠಿ ಎಂಬುದು ನಮ್ಮ ಪುಣೆಯ ಮಕ್ಕಳಿಗೆ ಹಾಲಿನೊಂದಿಗೆ ಬರುತ್ತದೆ. ನೀನು ಯಾರು ಎಂದು ನನ್ನ ಮಗ ನನ್ನನ್ನು ಮರಾಠಿಯಲ್ಲಿ ಕೇಳಿದ.

ನಾನು ಉತ್ತರ ಹುಡುಕುವಷ್ಟರಲ್ಲಿ ಕಬ್ಬಿನ ಸಿಬಿರು ಅವನ ಬೆರಳಿಗೆ ಚುಚ್ಚಿತು. "ಅವ್ವಾ!" ಎಂದು ಚೀರಿದ. ನನ್ನ ಎರಡೂ ಕೈ ತಾವಾಗಿಯೇ ಬೇಲಿಯ ಮೇಲೆ ಚಾಚಿದವು. ಅವನು ತಿರುಗಿ ನಿಮ್ಮ ಕಡೆ ಓಡಿದ. ನೀವು ಬೆರಳನ್ನು ಬಾಯಲ್ಲಿಟ್ಟು ಚೀಪಿದಿರಿ. ಅಳು ನಿಂತಿತು.

ಒಳಗೆ ಬರಬಹುದಿತ್ತು. ತವುಡನ್ನು ನಿಮ್ಮ ಮುಂದೆ ಸುರಿದು ಅವನನ್ನು ಎತ್ತಿಕೊಂಡು ಹೋಗಬಹುದಿತ್ತು. ನಿಮ್ಮ ಆ ಒಂದು ಸಾಲು ನನ್ನ ಕಾಲು ಕಟ್ಟಿಹಾಕಿತು. ನಾನು ಅದನ್ನು ನಂಬುವುದಿಲ್ಲ. ಆದರೆ ಅವನ ಮೇಲೆ ಅದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗಿಲ್ಲ. ತವುಡನ್ನು ಕಬ್ಬಿನ ಬದುವಿಗೆ ಝಾಡಿಸಿ ತಿರುಗಿ ಬಂದೆ.

ನನ್ನನ್ನು ನೀವು ಗೆದ್ದಿರಿ. ಹೇಗೆ ಗೆದ್ದಿರಿ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ನರ್ಮದಾ


ಪುಣೆ,
೯ ಫೆಬ್ರುವರಿ ೧೯೨೭

ವೈನಿ,

ನಿಮ್ಮಿಂದ ಉತ್ತರವಿಲ್ಲ. ಮಾಘದ ಆ ದಿನ ಹತ್ತಿರ ಬಂತು. ಭಾವನವರು ಇವರಿಗೆ ಬರೆದ ಪತ್ರ ಬಂದಿದೆ: ಹುಣ್ಣಿಮೆಯೊಳಗೆ ಶಾಸ್ತ್ರ ಮುಗಿಯಲೇಬೇಕು, ತಂದೆ ಕೈಯೆತ್ತಿ ಕೊಟ್ಟರೆ ಸಾಕು, ನರ್ಮದಾ ಬೇಕಾದರೆ ಒಳಗೆ ಕೂತಿರಲಿ ಎಂದು. ಒಳಗೆ ಕೂತಿರಲಿ!

ಮುಂಬಯಿಯಿಂದ ಸೇಟರ ತಾರು ಬಂತು. ಹೇಳಿದ ದಿನಕ್ಕಿಂತ ಮುಂಚಿನ ಹಡಗಿಗೇ ಹೊರಡಬೇಕಂತೆ. ಇವರು ಇಬ್ಬಂದಿಗೆ ಸಿಕ್ಕಿಕೊಂಡರು. ಶಾಸ್ತ್ರ ಮುಗಿಸಿ ಹೋಗುವುದೋ, ನೌಕರಿ ಉಳಿಸಿಕೊಳ್ಳುವುದೋ? ನಾನು ಅವರ ಟ್ರಂಕಿನಲ್ಲಿ ಅವರ ಬಟ್ಟೆಗಳನ್ನಷ್ಟೇ ಜೋಡಿಸಿದೆ. ನನ್ನ ಮತ್ತು ಅಂಬಾಳ ಸೀರೆ ಪರಕಾರಗಳನ್ನು ನಿಮ್ಮ ಕಪಾಟಿನಲ್ಲಿಟ್ಟೆ. ಅವರು ನೋಡುತ್ತ ನಿಂತಿದ್ದರು.

"ಇದೇನು ಮಾಡ್ತೀ?" ಅಂದರು.

"ನೀವು ಹೋಗ್ರಿ. ನಾ ಬರೂದಿಲ್ಲ," ಅಂದೆ.

"ಎಷ್ಟು ದಿನಾ?"

"ಗೊತ್ತಿಲ್ರಿ. ನೀವು ಅಣ್ಣಗ ಮಾತು ಕೊಡೂ ಮುಂದ ನನ್ನ ಕೇಳಿದ್ದಿಲ್ಲ. ಇದನ್ನ ನಾನೂ ನಿಮ್ಮ ಕೇಳೂದಿಲ್ಲ."

ಬೆಳಿಗ್ಗೆ ಮುಂಬಯಿಯ ಗಾಡಿಗೆ ಹೋದರು. ಹೊಸ್ತಿಲಲ್ಲಿ ನಿಂತು, ಅಣ್ಣನಿಗೆ ಏನು ಬರೆಯಲಿ ಎಂದು ಕೇಳಿದರು. ನಿಮಗೆ ತಿಳಿದದ್ದನ್ನು ಬರೆಯಿರಿ ಅಂದೆ. ಅವರ ಕಣ್ಣಲ್ಲಿ ನೀರಿತ್ತು. ಕೆಟ್ಟ ಮನುಷ್ಯರಲ್ಲ ವೈನಿ, ಹಿರಿಯರ ಮುಂದೆ ನಾಲಿಗೆ ಬಿದ್ದುಹೋಗುತ್ತದೆ ಅಷ್ಟೆ. ಅವರಿಲ್ಲದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಮಧ್ಯಾಹ್ನವೇ ಗೊತ್ತಾಯಿತು.

ಈಗ ನಿಮಗೆ ನನ್ನ ಮಾತು. ಮೊನ್ನೆ ನೀವು ಗೆದ್ದಿರಿ ಎಂದು ಬರೆದೆ, ಈಗ ಮಾತು ಬದಲಿಸುತ್ತಿದ್ದೇನೆ. ತವುಡು ಕೊಟ್ಟು ಅವನನ್ನು ಮರಳಿ ಕೊಳ್ಳುವುದಿಲ್ಲ. ದತ್ತಕಕ್ಕೆ ಕೊಡುವುದೂ ಇಲ್ಲ. ಅವನಿರುವ ಮನೆಯಲ್ಲಿ ನಾನೂ ಇರುತ್ತೇನೆ. ಚಿಕ್ಕಪ್ಪನ ಹೆಂಡತಿ ಎಂದು ಹೇಳಿಕೊಡಿರಿ, ಕಾಕು ಎಂದು ಕರೆಯಲಿ. ಓಗೊಡುತ್ತೇನೆ. ಅವನ ತಟ್ಟೆಗೆ ಅನ್ನ ಹಾಕುವುದಕ್ಕೆ, ಅವನ ಚಡ್ಡಿ ಒಗೆಯುವುದಕ್ಕೆ ಅವ್ವನೇ ಆಗಬೇಕೆಂದಿಲ್ಲವಲ್ಲ. ನೀವು ಬೈದರೂ ಇರುತ್ತೇನೆ, ಮಾತು ಬಿಟ್ಟರೂ ಇರುತ್ತೇನೆ. ಮೊಂಡಳು ಎಂದು ನೀವೇ ಮೊದಲಿನಿಂದ ಅನ್ನುತ್ತಿದ್ದಿರಿ.

ಮನೆಗೆ ಬನ್ನಿರಿ ವೈನಿ. ಸ್ವಂತ ಮನೆಯನ್ನು ಬಿಟ್ಟು ನೀವು ಓಡಬೇಕಾಗಿಲ್ಲ.

ನಿಮ್ಮ
ನರ್ಮದಾ


ಬಾರಾಮತಿ,
೧೨ ಫೆಬ್ರುವರಿ ೧೯೨೭

ನರ್ಮದಾ,

ನಾಡಿದ್ದು ಸಂಜೆಯ ಗಾಡಿಗೆ ಪುಣೆಗೆ ಬರುತ್ತೇವೆ, ನಾನು ಮತ್ತು ಅವಧೂತ. ನಿಮ್ಮ ಭಾವನವರು ಬರುವುದಿಲ್ಲ. ನನ್ನೊಡನೆ ಮಾತಾಡುತ್ತಲೂ ಇಲ್ಲ.

ಬಾಳು ಇರಲಿ ಹೋಗಲಿ, ಈಗಾಗಲಿ ಮುಂದಾಗಲಿ ದತ್ತಕದ ಮಣೆಯ ಮೇಲೆ ಕೂಡುವುದಿಲ್ಲ ಎಂದು ಅವರಿಗೆ ಹೇಳಿದೆ. "ಧಾರವಾಡದ ಹಿರ್‍ಯಾರಿಗೆ ಬರದೀನಿ, ಮಂದಿ ಏನಂದಾರು?" ಅಂದರು. "ಬಂಜಿ ಅಂತ ಅನ್ನಿಸಿಕೊಂಡು ರೂಢಿ ಅದ ನನಗ. ಕಳ್ಳಿ ಅಂತ ಅನ್ನಿಸಿಕೊಳ್ಳಲಿಕ್ಕೆ ರೂಢಿ ಇಲ್ಲ," ಅಂದೆ. ಅವರು ಕೊಡೆ ತೆಗೆದುಕೊಂಡು ಕಾಲುವೆಯ ಕಡೆ ಹೊರಟುಹೋದರು. ಮೂವತ್ತು ವರ್ಷ ಗಂಡನಿಗೆ ಎದುರಾಡದವಳು ನಾನು.

ನಿನ್ನ ಉಡಿಯ ಬಗ್ಗೆ ಬರೆದ ಆ ಸಾಲು ನನ್ನ ಮನಸ್ಸಿನ ನಂಬಿಕೆಯಲ್ಲ. ನಿನ್ನನ್ನು ಹೆದರಿಸಬೇಕೆಂದೇ ಬರೆದೆ. ಆ ಎರಡು ಕೂಸುಗಳನ್ನು ಎರೆದು ಬೆಳೆಸಿದವಳು ನಾನೂ ಹೌದು. ಬರೆಯುವಾಗ ಅದನ್ನು ಮರೆತೆ.

ನೀನು ಬೇಲಿಯ ತನಕ ಬಂದು ಹೋದದ್ದನ್ನು ಓದಿದ ಮೇಲೆ ನನಗೆ ಕೂಸನ್ನು ನೆಟ್ಟಗೆ ನೋಡಲು ಆಗಲಿಲ್ಲ. ಅದಕ್ಕೇ ಇಷ್ಟು ದಿನ ಉತ್ತರ ಬರೆಯಲಿಲ್ಲ. ಕಾಕು ಎಂದು ಹೇಳಿಕೊಡು ಎಂದು ಬರೆದಿದ್ದೀ. ಹೇಳಿಕೊಡಬಹುದಿತ್ತು, ಸುಲಭವಿತ್ತು. ಬಾಯಿಯವರೆಗೂ ಬಂತು.

ಇಂದು ಅವನಿಗೆ ಎಣ್ಣೆ ಹಚ್ಚಿ ಎರೆಯುವಾಗ, "ನಾಡದು ಮನಿಗೆ ಹೋಗೋಣ. ಅಲ್ಲಿ ಯಾರ್ ಇದ್ದಾರ ಗೊತ್ತದೇನು? ನಿಮ್ಮವ್ವ ಇದ್ದಾಳ," ಅಂದೆ.

ಅವನು ಕಣ್ಣಿಗೆ ಇಳಿದ ನೀರನ್ನು ಒರೆಸಿಕೊಂಡು ನನ್ನ ಮುಖ ನೋಡಿದ. ಆಮೇಲೆ ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ನನ್ನ ಗದ್ದ ಹಿಡಿದು ನಕ್ಕ. "ನೀ ಇಲ್ಲೇ ಇದ್ದೀಯಲ್ಲ!" ಅಂದ.

ಅದರ ಮುಂದಿನದನ್ನು ಹೇಳಲು ನನ್ನಿಂದ ಆಗಲಿಲ್ಲ ನರ್ಮದಾ. ಸ್ಟೇಶನ್ನಿಗೆ ಬಾ. ನಾನು ಅವನ ಕೈ ಹಿಡಿದುಕೊಂಡು ನಿಂತಿರುತ್ತೇನೆ, ನೀನು ಹೇಳು.

ಕೃಷ್ಣಾಬಾಯಿ